ಹನ್ನೊಂದು ಮೌನಿಗಳಲ್ಲಿ ಒಬ್ಬ

ಸಭಾಂಗಣದಲ್ಲಿ ಒಟ್ಟು ಹನ್ನೊಂದು ಮಂದಿ ಮೌನಿಗಳಿದ್ದರು. ಅವರಲ್ಲಿ ತನ್ನ ಮೌನಿ ಯಾರೆಂದು ಗೊತ್ತಾಗದೆ ಸೂಜಿ ಕೈಯಲ್ಲಿ ದೀಪ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದಳು.

ಸೂಜಿ ಎನ್ನುವುದು ಅವಳಿಗೆ ಗೆಳೆಯರು ಇಟ್ಟ ಹೆಸರು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅತ್ತಿಗೆಯ ಜೊತೆ ಸೇರಿ ಬಟ್ಟೆ ಆಲ್ಟರೇಷನ್ ಅಂಗಡಿ ನಡೆಸುವವಳು. ಪ್ಯಾಂಟಿನ ಉದ್ದ ಮಡಚುವುದು, ಕೆಟ್ಟ ಜಿಪ್ ಬದಲಿಸುವುದು, ದಪ್ಪಗಾದವರ ಕೋಟು ಬಿಚ್ಚಿ ಅಗಲ ಮಾಡುವುದು, ಇಷ್ಟೇ ದಿನದ ಕೆಲಸ. ವರ್ಷಕ್ಕೊಮ್ಮೆ, ‘ಉಪ್ಪಿನಕೋಟೆ’ ಎಂಬ ಕಾಮಿಕ್ ಚಿತ್ರಕಥೆಯ ಅಭಿಮಾನಿಗಳೆಲ್ಲ ವೇಷ ಹಾಕಿಕೊಂಡು ಸೇರುವ ಸಮಾವೇಶ ಬಂತೆಂದರೆ ಮಾತ್ರ ಅವಳ ಮಷಿನ್ನಿಗೆ ಹುರುಪು ಬರುತ್ತಿತ್ತು.

ಮೌನಿ ಆ ಕಥೆಯ ಕಾವಲುಗಾರ. ಪಾದದವರೆಗೆ ಇಳಿಯುವ ನೀಲಿ ಕೋಟು, ಕೈಗೆ ಗ್ಲೌಸು, ತಲೆಯನ್ನು ಪೂರ್ತಿ ಮುಚ್ಚುವ ಮುಖವಾಡ, ಅದರಲ್ಲಿ ಕಪ್ಪು ಗಾಜಿನ ಎರಡು ಕಣ್ಣು. ಅವನಿಗೆ ಮಾತಿಲ್ಲ. ಎದೆಯ ಮೇಲೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ಕೊನೆಯ ಸಂಚಿಕೆಯಲ್ಲಿ ದೀಪದಾಕೆ ಬಂದು ಮುಖವಾಡ ತೆಗೆಯುವ ತನಕ ಅವನ ಭಾಷೆ ಅಷ್ಟೇ. ಸಮಾವೇಶದಲ್ಲೂ ಇದೇ ಕಟ್ಟುನಿಟ್ಟು. ಬೆಳಿಗ್ಗೆ ಮುಖವಾಡ ಹಾಕಿದವನು ನಾಲ್ಕು ಗಂಟೆಗೆ ವೇದಿಕೆಯ ಮೇಲೆ ಅವನ ದೀಪದಾಕೆ ಅದನ್ನು ತೆಗೆಯುವವರೆಗೆ ತುಟಿ ಬಿಚ್ಚುವಂತಿಲ್ಲ, ಮುಖ ತೋರಿಸುವಂತಿಲ್ಲ. ತೋರಿಸಿದರೆ ಆ ಜೋಡಿ ಸ್ಪರ್ಧೆಯಿಂದ ಔಟ್. ಕಣ್ಣಿಡುವುದಕ್ಕೆ ತೋಳಿಗೆ ಹಳದಿ ಪಟ್ಟಿ ಕಟ್ಟಿದ ತೀರ್ಪುಗಾರರು ಸುತ್ತುತ್ತಲೇ ಇರುತ್ತಾರೆ.

ಈ ವರ್ಷ ದೀಪದಾಕೆ ಸೂಜಿ, ಮೌನಿ ಅವಳ ಗೆಳೆಯ ಬನ್. ಬೇಕರಿಯಲ್ಲಿ ಹಿಟ್ಟು ನಾದುವವನಾದ್ದರಿಂದ ಆ ಹೆಸರು, ಆಳು ಮಾತ್ರ ಕಡ್ಡಿ ಪೈಲ್ವಾನ್. ಮೂರನೆಯವನು ಕನ್ನಡಕ. ಸೋದರಮಾವನ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಮೌನಿಯ ಕಪ್ಪು ಕಣ್ಣುಗಳನ್ನು ಮಾಡಿಕೊಟ್ಟವನೂ ಅವನೇ. ಆದರೆ ಅವನ ಸ್ವಂತ ಕನ್ನಡಕ ಅಪ್ಪಟ ಸೋಡಾಬುಡ್ಡಿ, ಮುಖವಾಡದೊಳಗೆ ಹಿಡಿಸುವುದಿಲ್ಲ. ಹಾಗಾಗಿ ಪ್ರತಿ ವರ್ಷ ಹುಟ್ಟು ಹಿಡಿದ ದೋಣಿಗಾರನ ವೇಷ ಅವನ ಪಾಲಿಗೆ. ದೋಣಿಗಾರನ ಫೋಟೋ ಯಾರೂ ತೆಗೆಯುವುದಿಲ್ಲ ಎಂದು ಅವನೇ ನಗುತ್ತಿದ್ದ.

ಆ ಕನ್ನಡಕನಿಗೆ ಬೇರೆ ಊರಿನ ದೊಡ್ಡ ಅಂಗಡಿಯೊಂದರಿಂದ ಮ್ಯಾನೇಜರ್ ಕೆಲಸಕ್ಕೆ ಕರೆ ಬಂದಿತ್ತು. ಇವತ್ತು ಸಂಜೆ ಐದು ಗಂಟೆಯೊಳಗೆ ಅವನು ಬರುತ್ತೇನೆ ಅಥವಾ ಇಲ್ಲ ಎಂದು ತಿಳಿಸಬೇಕು. ಸೂಜಿಯ ಎದೆಯಲ್ಲಿ ಬೆಳಗಿನಿಂದ ಆ ಐದು ಗಂಟೆಯೇ ಟಿಕ್ ಟಿಕ್ ಎನ್ನುತ್ತಿತ್ತು.

ಸದ್ಯಕ್ಕೆ ಬನ್ ಸಿಗಬೇಕಿತ್ತು. ಬಟ್ಟೆ ಬದಲಿಸುವ ಕೋಣೆಯಿಂದ ಬರುತ್ತೇನೆಂದವನು ಗುಂಪಿನಲ್ಲಿ ಮಾಯವಾಗಿದ್ದ. ಆದರೆ ಸೂಜಿಗೆ ಒಂದು ಗುಟ್ಟಿನ ಗುರುತಿತ್ತು. ತಾನು ಹೊಲಿದ ಪ್ರತಿ ಬಟ್ಟೆಯಲ್ಲೂ ಎಡತೋಳಿನ ಅಂಚಿನ ಒಳಗೆ ಕೆಂಪು ದಾರದ ಒಂದು ಪುಟ್ಟ ಗಂಟು ಹಾಕಿಬಿಡುತ್ತಿದ್ದಳು.

“ಸ್ವಲ್ಪ ಕೈ ತೋರಿಸ್ತೀರಾ?” ಎಂದು ಒಬ್ಬೊಬ್ಬ ಮೌನಿಯನ್ನೂ ಕೇಳುತ್ತ ಹೋದಳು. ಮೊದಲನೆಯವನದು ಬಾಡಿಗೆ ಕೋಟು. ಎರಡನೆಯವನು ಕೈ ಕುಲುಕಿಯೇ ಬಿಟ್ಟ. ಐದನೆಯವನು ಕಂಬದ ಪಕ್ಕ ಒಬ್ಬನೇ ನಿಂತು ಅವಳನ್ನೇ ನೋಡುತ್ತಿದ್ದ. ಅಂಚು ಮಡಚಿ ನೋಡಿದರೆ ಕೆಂಪು ಗಂಟು!

“ಅಬ್ಬಾ, ಸಿಕ್ಕಿಬಿಟ್ಟೆ! ಎಲ್ಲಿ ಹಾಳಾಗಿ ಹೋಗಿದ್ಯೋ ಬನ್ನೂ?”

ಮೌನಿ ಎದೆಯ ಮೇಲೆ ಎರಡು ಸಲ ತಟ್ಟಿದ.

“ಏನು ಇಲ್ಲ? ಎಲ್ಲೂ ಹೋಗಿರ್ಲಿಲ್ವಾ? ಸುಳ್ಳು ಬೇರೆ! ಹೋಗ್ಲಿ, ಕನ್ನಡಕ ಎಲ್ಲಿ? ಇಲ್ಲೇ ಇದಾನಾ?”

ಮೌನಿ ಒಂದು ಸಲ ತಟ್ಟಿದ, ಜೋರಾಗಿ.

“ಸರಿ ಬಿಡು, ಯಾರ ಫೋಟೋನೋ ತೆಗೀತಿರ್ತಾನೆ. ನಡಿ, ಅತ್ತಿಗೆಗೆ ತೋರಿಸೋಣ.”

ಅತ್ತಿಗೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಹೊಲಿಗೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಸುಮ್ಮನೆ ನೋಡಿಕೊಂಡು ಹೋಗಲು ಬಂದವರು, ಯಾರದೋ ರೆಕ್ಕೆ ಹರಿದದ್ದು ನೋಡಲಾರದೆ ಹೊಲಿಯಲು ಶುರುಮಾಡಿದ್ದರು; ಈಗ ಅವರ ಮುಂದೆ ಒಂದು ಕ್ಯೂ ಆಗಿತ್ತು. ಹಲ್ಲಿನಿಂದ ದಾರ ಕಡಿಯುತ್ತ ತಲೆಯೆತ್ತಿದರು.

“ಅಲ್ಲ ಕಣೇ, ನಿನ್ನೆ ಟ್ರಯಲ್‌ನಲ್ಲಿ ಭುಜ ಎರಡೆರಡು ಬೆರಳು ಜೋತು ಬಿದ್ದಿತ್ತಲ್ಲ? ಇವತ್ತು ನೋಡು, ಅಚ್ಚಲ್ಲಿ ಹೊಯ್ದ ಹಾಗೆ ಕೂತಿದೆ.”

“ರಾತ್ರಿ ಇಸ್ತ್ರಿ ಹಾಕಿದ್ನಲ್ಲ ಅತ್ತಿಗೆ, ಅದಕ್ಕೇ” ಎಂದಳು ಸೂಜಿ. ಅಳತೆ ಕೊಡಲು ಬನ್ ಅಂಗಡಿಗೆ ಬಂದೇ ಇರಲಿಲ್ಲ, ಕಣ್ಣಳತೆಯಲ್ಲೇ ಕತ್ತರಿಸಿದ್ದಳು. ಕೋಟು ದೊಡ್ಡದಾಗಿದ್ದು ನೋಡಿ ನಿನ್ನೆ ಅವಳ ಮುಖ ಸಣ್ಣದಾಗಿತ್ತು. ಅತ್ತಿಗೆ ಮತ್ತೆ ಏನೋ ಹೇಳಲು ಬಾಯಿ ತೆರೆದರು; ಅಷ್ಟರಲ್ಲಿ ಬಾಲ ಕಿತ್ತುಬಂದ ಡ್ರ್ಯಾಗನ್ನೊಂದು ಅಳುಮುಖ ಮಾಡಿಕೊಂಡು ಅಡ್ಡ ಬಂತು.

ಊಟದ ಹೊತ್ತಿಗೆ ಗದ್ದಲ ತಡೆಯಲಾರದೆ ಇಬ್ಬರೂ ಹಿಂದಿನ ಕಾರಿಡಾರಿಗೆ ಬಂದರು. ಎತ್ತರದ ಕಿಟಕಿ, ಅದರ ಕೆಳಗೆ ಬೆಂಚು, ಬೆಂಚಿನ ಮೇಲೆ ಒಂದು ಚೌಕ ಬಿಸಿಲು. ಸೂಜಿ ಜ್ಯೂಸಿಗೆ ಸ್ಟ್ರಾ ಚುಚ್ಚಿದಳು. ಪಕ್ಕದಲ್ಲಿ ಮೌನಿ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತ. ಬನ್ನಿಗೆ ಇಷ್ಟು ನೆಟ್ಟಗೆ ಕೂರಲು ಬರುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಗೋಡೆಯ ಗಡಿಯಾರ ಒಂದೂವರೆ ತೋರಿಸುತ್ತಿತ್ತು.

“ಬನ್ನೂ, ನಿಂಗೊಂದು ವಿಷಯ ಹೇಳ್ಬೇಕು” ಎಂದಳು. “ಇವತ್ತು ನೀನು ಬಾಯಿ ಬಿಡೋ ಹಾಗಿಲ್ಲ, ಅದಕ್ಕೇ ಹೇಳ್ತಿದೀನಿ. ಬೇರೆ ದಿನ ಆಗಿದ್ರೆ ನೀನು ಊರಿಗೆಲ್ಲ ಡಂಗುರ ಸಾರ್ತಿದ್ದೆ. ಕನ್ನಡಕನ ವಿಷಯ.”

ಮೌನಿಯ ಎರಡೂ ಕೈ ಸರಕ್ಕನೆ ಮುಖವಾಡಕ್ಕೆ ಹೋದವು. ಸೂಜಿ ಫಟ್ಟೆಂದು ಹೊಡೆದಳು.

“ಏಯ್! ತಲೆ ಕೆಟ್ಟಿದ್ಯಾ? ಅಲ್ನೋಡು, ಹಳದಿ ಪಟ್ಟಿ!”

ನೀರಿನ ಫಿಲ್ಟರ್ ಹತ್ತಿರ ನಿಜಕ್ಕೂ ಒಬ್ಬ ತೀರ್ಪುಗಾರ ಲೋಟ ಹಿಡಿದು ಇವರನ್ನೇ ಗಮನಿಸುತ್ತಿದ್ದ. ಮೌನಿ ಕೈ ಇಳಿಸಿ ಎದೆಯ ಮೇಲೆ ಎರಡು ಸಲ ತಟ್ಟಿದ. ಮತ್ತೆ ಎರಡು ಸಲ.

“ಬೇಡ ಅಂದ್ರೂ ಹೇಳ್ತೀನಿ. ಎರಡು ತಿಂಗಳು ಕೂತು ಹೊಲಿದಿದೀನಿ ಈ ಕೋಟು, ಅಷ್ಟು ಹಕ್ಕಿಲ್ವಾ ನಂಗೆ? ಅವನು ಹೋಗಬಾರದು ಕಣೋ.”

ಮೌನಿ ಅಲುಗಾಡಲಿಲ್ಲ.

“ಹೋದ ವಾರ ಅಂಗಡಿಗೆ ಬಂದು ‘ಹೋಗ್ಲಾ?’ ಅಂತ ಕೇಳ್ದ. ನಾನು ಇದೇ ಕಾಲರ್ ಹಚ್ತಿದ್ದೆ. ಬಾಯಲ್ಲಿ ಐದು ಗುಂಡುಪಿನ್. ಹಲ್ಲು ಕಚ್ಕೊಂಡು ‘ಹೋಗು, ಯಾರು ಬೇಡ ಅಂದ್ರು’ ಅಂದ್ಬಿಟ್ಟೆ. ಪಿನ್ ತೆಗೆದ್ರೆ ಬಾಯಿಂದ ಇನ್ನೇನು ಬಂದ್ಬಿಡುತ್ತೋ ಅಂತ ಭಯ ಆಯ್ತು. ಅವನು ಸ್ವಲ್ಪ ಹೊತ್ತು ನಿಂತ, ಆಮೇಲೆ ಹೋದ. ಆವತ್ತಿಂದ ಅನ್ನ ಸೇರ್ತಿಲ್ಲ.”

ಜ್ಯೂಸು ಮುಗಿದು ಸ್ಟ್ರಾ ಗೊರ್ರೆಂದಿತು. ಅವಳು ಡಬ್ಬಿಯನ್ನು ಅಮುಕುತ್ತ ಕೂತಳು.

“ದಿನಾ ಸಾಯಂಕಾಲ ಬರ್ತಾನಲ್ಲ, ಒಳಗೆ ಬರೋಕೆ ಮುಂಚೆ ಬಾಗಿಲಲ್ಲಿ ನಿಂತು ಕನ್ನಡಕ ತೆಗೆದು ಅಂಗಿ ತುದಿಲಿ ಒರೆಸ್ತಾನೆ. ಆ ಒಂದು ನಿಮಿಷ ಅವನಿಗೆ ಏನೂ ಕಾಣ್ಸಲ್ಲ. ಆಗ ಮಾತ್ರ ನಾನು ಅವನನ್ನ ಧೈರ್ಯವಾಗಿ ನೋಡ್ತೀನಿ. ಅವನು ಹಾಕ್ಕೊಂಡ ತಕ್ಷಣ ಬಟ್ಟೆ ನೋಡ್ತೀನಿ. ನಾಲ್ಕು ವರ್ಷದಿಂದ ಇದೇ, ದಿನಕ್ಕೆ ಒಂದು ನಿಮಿಷ. ಅದೂ ಹೋದ್ರೆ ನಾನು ಏನ್ ಮಾಡ್ಲಿ ಹೇಳು?”

ಹೇಳಿ ಮುಗಿಸಿದ ಮೇಲೆ ಅವಳಿಗೆ ನಾಚಿಕೆಯೂ ಆಯಿತು, ಹಗುರವೂ ಆಯಿತು. ಕಣ್ಣು ಒರೆಸಿಕೊಂಡು ನಕ್ಕಳು. ಮೌನಿ ನಿಧಾನವಾಗಿ ಒಂದು ಕೈಯನ್ನು ಬೆಂಚಿನ ಮೇಲೆ, ಅವಳ ಕೈಯ ಪಕ್ಕದಲ್ಲಿ ಅಂಗಾತ ಇಟ್ಟ. ಮುಟ್ಟಲಿಲ್ಲ. ಅವಳೇ ಆ ಗ್ಲೌಸಿನ ಮೇಲೆ ಎರಡು ಏಟು ಕೊಟ್ಟು, “ಒಳ್ಳೆಯವನು ಕಣೋ ನೀನು. ಅವನಿಗೆ ಮಾತ್ರ ಹೇಳ್ಬೇಡ” ಎಂದಳು.

ಮೌನಿ ಒಂದು ಸಲವೂ ತಟ್ಟಲಿಲ್ಲ, ಎರಡು ಸಲವೂ ತಟ್ಟಲಿಲ್ಲ.

ನಾಲ್ಕು ಗಂಟೆಗೆ ಜೋಡಿಗಳನ್ನು ಕರೆದರು. ಅವರದು ಏಳನೆಯ ಸರದಿ. ವೇದಿಕೆಯ ಬೆಳಕಿನಲ್ಲಿ ನೀಲಿ ಕೋಟು ಎಷ್ಟು ಚೆನ್ನಾಗಿ ಕಂಡಿತೆಂದರೆ ಕೆಳಗಿನಿಂದ ಶಿಳ್ಳೆಗಳೇ ಬಿದ್ದವು. ಮೌನಿ ಅವಳ ಮುಂದೆ ಮಂಡಿಯೂರಿದ. ಇನ್ನು ಮುಖವಾಡ ತೆಗೆದು, ದೀಪವನ್ನು ಮೇಲೆತ್ತಿ, “ನಿನ್ನ ಕಾವಲು ಮುಗಿಯಿತು” ಎಂದು ಗಟ್ಟಿಯಾಗಿ ಹೇಳಿದರೆ ಕೆಲಸ ಮುಗಿದ ಹಾಗೆ.

ಅವಳು ಕಿವಿಯ ಹಿಂದಿನ ಎರಡು ಬಕಲ್ ಬಿಚ್ಚಿ ಮುಖವಾಡ ಎತ್ತಿದಳು.

ಒದ್ದೆ ಕೂದಲು ಹಣೆಗೆ ಅಂಟಿತ್ತು. ಮೂಗಿನ ಎರಡು ಬದಿಯಲ್ಲಿ ಕನ್ನಡಕ ಕೂತೂ ಕೂತೂ ಬಿದ್ದಿದ್ದ ಹಳೆಯ ಗುರುತು. ಬೆಳಕಿಗೆ ಕಣ್ಣು ಕಿರಿದಾಗಿಸಿಕೊಂಡು, ಅವಳಿದ್ದ ದಿಕ್ಕಿಗೆ ಅಂದಾಜಿನಲ್ಲಿ ಮುಖ ಮಾಡಿಕೊಂಡು ಅವನು ಕೂತಿದ್ದ.

ಕನ್ನಡಕ!

ಸೂಜಿ ದೀಪ ಎತ್ತಲಿಲ್ಲ, ಮಾತು ಹೇಳಲಿಲ್ಲ. ಬೆಂಚು, ಗುಂಡುಪಿನ್ನು, ದಿನಕ್ಕೊಂದು ನಿಮಿಷ, ಎಲ್ಲವೂ ಒಟ್ಟಿಗೆ ನೆನಪಾಗಿ ಕಿವಿಯ ತುದಿವರೆಗೂ ಬಿಸಿಯೇರಿತು. ಜನ ಇದೂ ನಟನೆಯೇ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಅವಳು ಮುಖವಾಡವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಡಬಡ ಪರದೆಯ ಹಿಂದೆ ಓಡಿದಳು. ಬಹುಮಾನ ಅಲ್ಲಿಗೇ ಎಕ್ಕುಟ್ಟಿ ಹೋಯಿತು.

ಪರದೆಯ ಹಿಂದೆ ದೋಣಿಗಾರನ ಹುಲ್ಲುಟೋಪಿ ಹಾಕಿಕೊಂಡು, ಸುಣ್ಣದಂಥ ಮುಖ ಹೊತ್ತು ಬನ್ ಕೂತಿದ್ದ. ಪಕ್ಕದಲ್ಲಿ ಅತ್ತಿಗೆ ಅವನಿಗೆ ನೀರು ಕುಡಿಸುತ್ತಿದ್ದರು.

“ನನ್ನ ಬೈಬೇಡ ಕಣೇ” ಎಂದ ಬನ್. “ಹಾಕ್ಕೊಂಡು ಐದು ನಿಮಿಷಕ್ಕೆ ತಲೆ ಗಿರ್ರ್ ಅಂತ ತಿರುಗ್ತು. ಬಾಗಿಲು ಅಂತ ಹೋಗಿ ಗೋಡೆಗೆ ಗುದ್ದಿದೀನಿ. ವಾಂತಿ ಬೇರೆ. ಆ ಕಪ್ಪು ಗಾಜಲ್ಲಿ ಪವರ್ ಇದೆ! ಈ ಮಹಾನುಭಾವ ತನ್ನ ನಂಬರ್‌ಗೆ ಉಜ್ಜಿಬಿಟ್ಟಿದಾನೆ. ಕೈತಪ್ಪಿ ಆಯ್ತಂತೆ! ಕೊನೆಗೆ ಅವನೇ ಹಾಕ್ಕೊಂಡ.”

ಕೋಟಿನ ಅಂಚು ಎತ್ತಿ ಹಿಡಿದು ತಡವರಿಸುತ್ತ ಬಂದ ಕನ್ನಡಕ, “ಕೈತಪ್ಪಿನೇ ಆಗಿದ್ದು” ಎಂದ ಸೂಜಿಗೆ. “ಉಜ್ಜೋವಾಗ ನಿನ್ನ ದೀಪದಾಕೆ ವೇಷ ಹೇಗಿರುತ್ತೆ ಅಂತ ಯೋಚಿಸ್ತಿದ್ದೆ. ನನ್ನ ಕಣ್ಣಿಗೆ ಕಾಣೋ ಹಾಗೆ ಆಗೋಯ್ತು.”

ಅತ್ತಿಗೆ ಅವನ ಭುಜ ಹಿಡಿದು ಒಂದು ಸುತ್ತು ತಿರುಗಿಸಿದರು. ಹೊಲಿಗೆಯ ಮೇಲೆ ಬೆರಳಾಡಿಸಿ, ನಾದಿನಿಯ ಕಡೆ ಓರೆನೋಟ ಬೀರಿದರು.

“ಇವನ ಕೈ ಒಂದೇ ಅಲ್ಲ ತಪ್ಪಿರೋದು. ಕಣ್ಣಳತೆ ಅಂದ್ಯಲ್ಲ, ಯಾರ ಭುಜ ಕಣ್ಣಲ್ಲಿಟ್ಕೊಂಡು ಕತ್ತರಿಸಿದ್ಯೇ? ಹತ್ತು ವರ್ಷದಲ್ಲಿ ನಿನ್ನ ಕತ್ತರಿ ಎರಡು ಬೆರಳು ಆಚೀಚೆ ಹೋಗಿದ್ದು ನಾನು ಕಂಡಿಲ್ಲ. ಏಳಪ್ಪಾ ಬನ್ನು, ಹೊರಗೆ ಗಾಳಿ ಚೆನ್ನಾಗಿದೆ.”

ಬನ್ ಹೋಗುವಾಗ ಜೇಬಿನಿಂದ ಸೋಡಾಬುಡ್ಡಿಯನ್ನು ತೆಗೆದು ಸೂಜಿಯ ಕೈಗಿಟ್ಟ.

ಇಬ್ಬರೇ ಉಳಿದರು. ಆಚೆ ಎಂಟನೆಯ ಜೋಡಿಗೆ ಚಪ್ಪಾಳೆ ಬೀಳುತ್ತಿತ್ತು.

“ಎಷ್ಟು ಮೋಸ!” ಎಂದಳು ಸೂಜಿ. “ಎಲ್ಲಾ ಕೇಳಿಸ್ಕೊಂಡ್ಯಲ್ಲ!”

“ನಾನು ಬನ್ ಅಲ್ಲ ಅಂತ ಮೊದಲ್ನೇ ಮಾತಿಗೇ ಎರಡು ಸಲ ತಟ್ಟಿದೆ. ಮುಖವಾಡ ತೆಗೆಯೋಕೆ ಹೋದೆ, ನೀನೇ ಕೈಗೆ ಹೊಡೆದೆ. ಇನ್ನೂ ಉರೀತಿದೆ.” ಅವನು ಕೈ ಚಾಚಿದ. “ಕನ್ನಡಕ ಕೊಡು.”

“ಕೊಡಲ್ಲ.”

“ಸರಿ, ಬೇಡ. ಈಗ ನಂಗೆ ಏನೂ ಕಾಣ್ತಿಲ್ಲ. ಧೈರ್ಯವಾಗಿ ನೋಡು. ಒಂದೇ ನಿಮಿಷ ಅಂತೇನೂ ಇಲ್ಲ.”

ಅವಳು ನೋಡಿದಳು. ಕನ್ನಡಕವಿಲ್ಲದ ಅವನ ಕಣ್ಣುಗಳು ಅವಳ ಹಣೆಯ ಎಡಕ್ಕೆ ಎಲ್ಲೋ ಅವಳನ್ನು ಹುಡುಕುತ್ತಿದ್ದವು. ರೆಪ್ಪೆ ಇಷ್ಟು ಉದ್ದವಿದೆಯೆಂದು ಬಾಗಿಲಿನಷ್ಟು ದೂರದಿಂದ ಅವಳಿಗೆ ಯಾವತ್ತೂ ಗೊತ್ತಾಗಿರಲಿಲ್ಲ.

“ಅಲ್ಲಿ ಹೋದ್ರೆ ಗಾಜು ಮುಟ್ಟೋ ಕೆಲಸಾನೇ ಇಲ್ಲ, ಬರೀ ಕುರ್ಚಿ” ಎಂದ ಅವನು ಮೆಲ್ಲಗೆ. “ನಂಗೇನೂ ಅಂಥಾ ಆಸೆ ಇರ್ಲಿಲ್ಲ. ಯಾರಾದ್ರೂ ಒಬ್ರು ಬೇಡ ಅಂತಾರೇನೋ ಅಂತ ಕೇಳ್ಕೊಂಡು ಬಂದಿದ್ದೆ. ನೀನು ಹೋಗು ಅಂದೆ. ಮತ್ತೆ ಕೇಳ್ತೀನಿ, ಈಗ ಬಾಯಲ್ಲಿ ಪಿನ್ ಇಲ್ಲ ತಾನೇ? ಹೋಗ್ಲಾ?”

ಬೆಳಗಿನಿಂದ ಅರಳು ಹುರಿದ ಹಾಗೆ ಮಾತಾಡಿದವಳು ಈಗ ಮೌನಿಯ ಭಾಷೆ ಹಿಡಿದಳು. ಕೈ ತನ್ನ ಎದೆಯವರೆಗೆ ಹೋಯಿತು. ಅವನಿಗೆ ಕಾಣುವುದಿಲ್ಲ ಎಂಬುದು ಆಗ ಹೊಳೆಯಿತು.

ಅವಳು ಒಂದು ಹೆಜ್ಜೆ ಮುಂದೆ ಬಂದು ಅವನ ಎದೆಯ ಮೇಲೆ, ತಾನೇ ಹಚ್ಚಿದ ಮೂರನೆಯ ಗುಂಡಿಯ ಪಕ್ಕದಲ್ಲಿ, ಒಂದು ಸಲ ತಟ್ಟಿದಳು.

ಅವನ ಮುಖ ಇಳಿದುಹೋಯಿತು. ಸರಿ ಎನ್ನುವಂತೆ ತಲೆ ಆಡಿಸಿದ.

ಅವಳು ಇನ್ನೊಂದು ಸಲ ತಟ್ಟಿದಳು. ಆಮೇಲೆ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.

ಐದಕ್ಕೆ ಹತ್ತು ನಿಮಿಷ ಇರುವಾಗ ಅವನು ಫೋನನ್ನು ಮೂಗಿನ ಹತ್ತಿರ ಹಿಡಿದು, ಅವಳಿಂದ ಒಂದೊಂದೇ ಅಕ್ಷರ ಸರಿಮಾಡಿಸಿಕೊಂಡು, ಬರುವುದಿಲ್ಲ ಎಂದು ಬರೆದು ಕಳಿಸಿದ. ಸೂಜಿ ಸೋಡಾಬುಡ್ಡಿಯನ್ನು ತನ್ನ ದೀಪದಾಕೆ ವೇಷದ ಸೆರಗಿನ ತುದಿಯಿಂದ ಚೆನ್ನಾಗಿ ಒರೆಸಿದಳು. ಎರಡೂ ಕೈಯಿಂದ ಹಿಡಿದು ಅವನ ಮೂಗಿನ ಮೇಲೆ, ಆ ಹಳೆಯ ಗುರುತಿನಲ್ಲೇ ಕೂರಿಸಿದಳು.

ಅವನ ಕಣ್ಣುಗಳು ಒಮ್ಮೆಲೇ ಅರಳಿ, ಅವಳನ್ನು ಕಂಡು, ಅಲ್ಲೇ ನಿಂತವು. ಅವಳು ಈ ಸಲ ಬಟ್ಟೆ ನೋಡಲಿಲ್ಲ.