ಶುಕ್ರವಾರದ ಕಾಗದದ ಚೂರು

ರವಿಚಂದ್ರನಿಗೆ ಅಳು ಬರುವುದೊಂದು ಬಾಕಿ ಇತ್ತು.

ಬೈಂದೂರಿನಲ್ಲಿ ಅವನು ಕೈಯಿಟ್ಟ ಮೇಲೂ ತಿರುಗದ ಮೋಟಾರು ಇರಲಿಲ್ಲ. ಬಾವಿಯ ಪಂಪಾಗಲಿ, ಬೋಟಿನ ಡೈನಮೋ ಆಗಲಿ, ರವಿಯಣ್ಣ ಬಂದರೆ ಸೈ ಎಂದು ಊರೇ ಹೇಳುತ್ತಿತ್ತು. ಈಗ ನೋಡಿದರೆ ಶೀನ ಶೆಟ್ಟರ ಹೋಟೆಲಿನ ಮೂಲೆಯಲ್ಲಿ ಒಂದು ಆಟದ ಪೆಟ್ಟಿಗೆ ನಾಲ್ಕು ದಿನದಿಂದ ಅವನ ಮಾನ ಹರಾಜು ಹಾಕುತ್ತಿತ್ತು.

ಪಿನ್‌ಬಾಲ್ ಮೆಷಿನ್. ಶೆಟ್ಟರು ಮುಂಬೈಯ ಹೋಟೆಲು ಮುಚ್ಚಿ ಊರಿಗೆ ಬರುವಾಗ ಲಾರಿಯಲ್ಲಿ ಹೇರಿಕೊಂಡು ತಂದದ್ದು. ಇಳಿಜಾರು ಹಲಗೆಯ ಮೇಲೆ ಉಕ್ಕಿನ ಗುಂಡು ಓಡುತ್ತದೆ, ತಾಗಿದಲ್ಲೆಲ್ಲ ಗಂಟೆ ಹೊಡೆಯುತ್ತದೆ, ದೀಪ ಹತ್ತುತ್ತದೆ. ಐವತ್ತು ವರ್ಷದ ಹಿಂದಿನ ಮಾಲು. ಒಳಗೆ ಕಂಪ್ಯೂಟರು ಗಿಂಪ್ಯೂಟರು ಏನಿಲ್ಲ, ಬರೀ ವಯರು, ಕಾಯಿಲು, ಕರೆಂಟಿನ ದಾರಿ ತೆರೆದು ಮುಚ್ಚುವ ರಿಲೇ. ಮರವಂತೆಯ ಹೋಮ್‌ಸ್ಟೇಯವರು ಅದನ್ನು ಕೇಳಿದ್ದರು. ಸರಿಯಾದರೆ ಭಾನುವಾರ ಟೆಂಪೋ ಬರುತ್ತದೆ, ಒಯ್ಯುತ್ತದೆ.

ಆಮೇಲೆ ಈ ಹೋಟೆಲಿಗೆ ಬರಲು ರವಿಚಂದ್ರನಿಗೆ ನೆವ ಎಲ್ಲಿದೆ? ಚಾ ಕುಡಿಯಲು ಬರಬಹುದು. ಮನುಷ್ಯ ದಿನಕ್ಕೆ ಎಷ್ಟು ಚಾ ಕುಡಿದಾನು?

ನೆವ ಬೇಕಾದದ್ದು ಕೌಂಟರಿನಲ್ಲಿ ಕೂರುವ ಶೆಟ್ಟರ ಮಗಳು ನಿಶ್ಮಿತಾಳಿಗಾಗಿ. ಊರಿನ ಹೆಣ್ಣುಮಕ್ಕಳೆಲ್ಲ ಅವನನ್ನು ರವಿಯಣ್ಣ ಎಂದರೆ ಇವಳೊಬ್ಬಳು ‘ಹ್ವಾಯ್’ ಎಂದಷ್ಟೇ ಕರೆಯುತ್ತಿದ್ದಳು. ಆ ‘ಅಣ್ಣ’ ಇಲ್ಲದ ಜಾಗದಲ್ಲೇ ಅವನ ಆಸೆಯೆಲ್ಲ ಬಿಡಾರ ಹೂಡಿತ್ತು. ಹೇಳಲು ಮಾತ್ರ ಬಾಯಿಲ್ಲ, ಪುಣ್ಯಾತ್ಮನಿಗೆ.

ಮೊದಲ ದಿನ, ಬುಧವಾರ, ಅವಳು ಗಲ್ಲಕ್ಕೆ ಕೈಕೊಟ್ಟು ಪಕ್ಕದಲ್ಲೇ ನಿಂತಿದ್ದಳು.

“ಹ್ವಾಯ್, ಆ ಕಾಗ್ದ ತುರ್ಕ್ಸುದ್ ಎಂತಕೆ?”

“ಈ ಎರಡ್ ಪಾಯಿಂಟ್ ತಾಗ್ರೆ ಕರೆಂಟ್ ಹೋತ್ತ್. ನಡುಗ್ ಕಾಗ್ದ ಇಟ್ರೆ ಹೋತಿಲ್ಲ. ಒಂದೊಂದೇ ಲೈನ್ ಹೀಂಗ್ ಬಂದ್ ಮಾಡಿ, ಫಾಲ್ಟ್ ಎಲ್ಲಿತ್ತ್ ಅಂದೇಳಿ ಕಾಂಬುದ್.”

“ಇಷ್ಟ್ ಸಣ್ ಕಾಗ್ದ ಅಷ್ಟ್ ದೊಡ್ ಮೆಷಿನ್ ನಿಲ್ಸತ್ತಾ?”

“ನಿಲ್ಸತ್ತ್.”

ಅವನು ಬಳಸುತ್ತಿದ್ದದ್ದು ಹಳೆಯ ಮದುವೆ ಕಾಗದದಿಂದ ಕತ್ತರಿಸಿದ ದಪ್ಪ ಪಟ್ಟಿ. ಅವಳು ಒಂದನ್ನೆತ್ತಿ ಓದಿದಳು. “ಎಲ್ಲಾ ಬೇರೆಯವ್ರ್ ಮದಿದೇ. ನಿಮ್ದ್ ಯಾವಾಗ?”

ಅವನು ಕಣ್ಣೆತ್ತಿದ. ಅವಳ ತುಟಿಯ ಎಡತುದಿಯಲ್ಲಿ ಬಿಗಿಹಿಡಿದ ನಗು ಇತ್ತು. ಅವನ ಕೈಯ ಸ್ಕ್ರೂಡ್ರೈವರು ಜಾರಿ ಪೆಟ್ಟಿಗೆಯೊಳಗೆ ಬಿತ್ತು. ಅದನ್ನು ಹುಡುಕುವುದರಲ್ಲೇ ಉತ್ತರ ಕೊಡುವ ಹೊತ್ತು ಕಳೆದುಹೋಯಿತು.

ಅಂದು ಸಂಜೆ ಸುಟ್ಟ ಕಾಯಿಲು ಬದಲಿಸಿ, ಮೆಷಿನ್ ಓಡಿಸಿಯೇ ಮನೆಗೆ ಹೋಗಿದ್ದ. ಗುರುವಾರ ಬೆಳಿಗ್ಗೆ ಶೆಟ್ಟರ ಫೋನು: ಮತ್ತೆ ಸತ್ತಿದೆ. ಇಡೀ ದಿನ ವಯರು, ಕಾಯಿಲುಗಳಲ್ಲೇ ಹುಡುಕಿದ. ಸೋತು, ಚಾ ಕುಡಿದು ಬರುವಷ್ಟರಲ್ಲಿ ಅದು ತನ್ನಷ್ಟಕ್ಕೇ ಸರಿಯಾಗಿತ್ತು. ಶುಕ್ರವಾರವೂ ಅದೇ ಕಥೆ. ಇಂದು ಶನಿವಾರ, ಬಂದು ಬಟನ್ ಒತ್ತಿದರೆ ಮತ್ತೆ ಸದ್ದಿಲ್ಲ.

“ನಿನ್ ಕೈಯಗೆ ಆತ್ತಾ ಇಲ್ಯಾ, ಹೇಳ್ ಮಾರಾಯ,” ಶೆಟ್ಟರು ಗೊಣಗಿದರು. “ಇಲ್ದಿರೆ ಮಂಗಳೂರಿಂದ ಜನ ಕರ್ಸ್ತೆ.”

“ಹ್ವಾಯ್, ಚಾ ತಣ್ದ್ ಹೋತ್ತ್,” ನಿಶ್ಮಿತಾ ಕೌಂಟರಿನಿಂದ ಕರೆದಳು. ಯಾಕೋ ಅವಳ ಮುಖ ಬಾಡಿತ್ತು.

“ಇವತ್ತ್ ಚಾ ಬೇಡ.”

ಅವನು ಟಾರ್ಚನ್ನು ಬಾಯಲ್ಲಿ ಕಚ್ಚಿ ತಲೆಯನ್ನೇ ಪೆಟ್ಟಿಗೆಯೊಳಗೆ ತೂರಿಸಿದ. ಒಂದೊಂದೇ ರಿಲೇಯ ಪಾಯಿಂಟಿಗೆ ಮೀಟರು ಹಿಡಿದ. ದಾರಿ ಸರಿಯಿದ್ದಲ್ಲೆಲ್ಲ ಅದು ಕೂಗಿತು: ಕೀಂ, ಕೀಂ, ಕೀಂ. ಆಟ ಶುರು ಮಾಡುವ ರಿಲೇಗೆ ಬಂದಾಗ ಮೀಟರು ಸುಮ್ಮನಾಯಿತು. ಎರಡು ಪಾಯಿಂಟುಗಳ ನಡುವೆ ಒಂದು ಕಾಗದದ ಚೂರು.

ಅಯ್ಯೋ ದೇವರೇ, ತಾನೇ ಮರೆತು ಬಿಟ್ಟದ್ದೇ? ನಾಚಿಕೆಯಿಂದ ಕಿವಿ ಬಿಸಿಯಾಯಿತು. ಚಿಮಟದಿಂದ ಎಳೆದ. ಮದುವೆ ಕಾಗದವಲ್ಲ, ತೆಳ್ಳಗಿನ ಕ್ಯಾಲೆಂಡರ್ ಹಾಳೆ. ಅದರ ಮೇಲೆ ‘ಶುಕ್ರವಾರ’ ಎಂದಿತ್ತು.

ಕೌಂಟರಿನ ಗೋಡೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ತೂಗುತ್ತಿತ್ತು. ಶುಕ್ರವಾರದ ಹಾಳೆ ಹರಿಯುವುದು ಶನಿವಾರ ಬೆಳಿಗ್ಗೆ. ಅಂದರೆ ಇಂದು, ಅವನು ಬರುವ ಮುಂಚೆ. ಹರಿಯುವ ಕೈ ಈ ಹೋಟೆಲಿನಲ್ಲಿ ಒಂದೇ.

ಅವನು ತಲೆಯೆತ್ತಿದ. ನಿಶ್ಮಿತಾ ಅವನನ್ನೇ ನೋಡುತ್ತಿದ್ದಳು. ಅವನ ಕೈಯಲ್ಲಿನ ಚೂರು ಕಂಡದ್ದೇ ಅವಳ ಮುಖ ಕೆಂಪಾಯಿತು, ಕಣ್ಣು ತುಂಬಿತು. ಅವನ ಎದೆಯೊಳಗೆ ಆ ಪೆಟ್ಟಿಗೆಯ ಗಂಟೆಗಳೆಲ್ಲ ಒಟ್ಟಿಗೇ ಹೊಡೆದವು. ಕುಣಿಯಬೇಕೋ ಹೆದರಬೇಕೋ ಗೊತ್ತಾಗಲಿಲ್ಲ.

ಈಗ ಬಟನ್ ಒತ್ತಿದರೆ ಅವನ ಮಾನ ಉಳಿಯುತ್ತದೆ. ನಾಳೆ ಟೆಂಪೋ ಬರುತ್ತದೆ.

“ಸಿಕ್ತಾ?” ಶೆಟ್ಟರು ಹತ್ತಿರ ಬಂದರು.

ರವಿಚಂದ್ರ ಚೂರನ್ನು ತೆಗೆದ ಜಾಗಕ್ಕೇ ತುರುಕಿದ.

“ಇಲ್ಲ ಶೆಟ್ರೆ. ನನ್ ಕೈಯಗೆ ಆಪುದಲ್ಲ ಇದ್.”

ಹದಿಮೂರು ವರ್ಷದ ಕಸುಬಿನಲ್ಲಿ ಮೊದಲ ಸಲ ಆಡಿದ ಮಾತು. ಬನ್ಸ್ ತಿನ್ನುತ್ತಿದ್ದವರು ತಿರುಗಿ ನೋಡಿದರು. ಯಾರೋ ಕಿಸಕ್ಕನೆ ನಕ್ಕರು.

“ಸೈ ಹಂಗಾರೆ,” ಶೆಟ್ಟರ ದನಿ ಏರಿತು. “ನಿನ್ನ ನಂಬಿ ನಾಲ್ಕ್ ದಿನ ಹಾಳ್. ಹೆಸ್ರ್ ಮಾತ್ರ ದೊಡ್ಡದ್ ನಿಂದ್.”

“ಅಪ್ಪಯ್ಯಾ!” ನಿಶ್ಮಿತಾ ಕೌಂಟರು ಬಿಟ್ಟು ಓಡಿ ಬಂದಳು. “ಅವ್ರಿಗ್ ಬೈಬೇಡಿ. ಹಾಳ್ ಮಾಡುದ್ ನಾನ್. ದಿನಾ ಬೆಳಿಗ್ಗೆ ಕಾಗ್ದ ಇಡುದ್, ಇವ್ರ್ ಚಾ ಕುಡಿವತಿಗೆ ತೆಗುದ್.”

“ನೀನಾ? ಎಂತಕೆ?”

“ಇದ್ ಸರಿಯಾರೆ ಇವ್ರ್ ನಾಳಿಂದ ಬಪ್ಪುದಿಲ್ಲ ಅಲ್ದಾ? ನಂಗ್ ಬೇರೆ ದಾರಿ ಗೊತ್ತಾಯ್ಲ.”

ಅವಳು ಅಳುತ್ತಲೇ ರವಿಚಂದ್ರನತ್ತ ತಿರುಗಿದಳು. “ಕಾಗ್ದ ಸಿಕ್ಕಿರೂ ಸಿಕ್ಲಿಲ್ಲ ಅಂದ್ರಿ. ನಿಮ್ಗ್ ಹುಚ್ಚಾ, ಮರ್ಲಾ?”

“ಹೌದ್, ಮರ್ಲೇ,” ಎಂದ ಅವನು. “ನಿಮ್ಮನ್ ಕಂಡಲ್ಲಿಂದ.”

ಶೆಟ್ಟರು ಮಗಳನ್ನು ನೋಡಿದರು, ಅವನನ್ನು ನೋಡಿದರು. ಮುಂಬೈಯಲ್ಲಿ ಮೂವತ್ತು ವರ್ಷ ಎಂತೆಂಥ ಗಿರಾಕಿಗಳನ್ನು ಸುಧಾರಿಸಿದವರಿಗೆ ಈಗ ಏನೂ ತೋಚಲಿಲ್ಲ. ಬೈಯಲು ಬಾಯಿ ತೆರೆದರು. ಮಗಳ ಕಣ್ಣೀರು ಕಂಡು ಮುಚ್ಚಿದರು.

“ತೆಗಿ ಆ ಕಾಗ್ದ,” ಎಂದರು ಕೊನೆಗೆ.

ಅವನು ತೆಗೆದು ಬಟನ್ ಒತ್ತಿದ. ದೀಪಗಳೆಲ್ಲ ಹತ್ತಿದವು. ಅಂಕಿಯ ಚಕ್ರಗಳು ಕಟಕಟ ಎಂದು ಸೊನ್ನೆಗೆ ತಿರುಗಿ ನಿಂತವು.

ಅಷ್ಟರಲ್ಲಿ ಶೆಟ್ಟರ ಫೋನು ಹೊಡೆಯಿತು. ಮರವಂತೆಯವರು. ಶೆಟ್ಟರು ಇಬ್ಬರಿಗೂ ಬೆನ್ನು ಹಾಕಿ ಗೋಡೆಯತ್ತ ತಿರುಗಿದರು.

“ಇಲ್ಲ ಮಾರಾಯ್ರೆ, ನಾಳೆ ಟೆಂಪೋ ಕಳ್ಸ್‌ಬೇಡಿ. ಇನ್ನೂ ಸರಿಯಾಯ್ಲ. ಎಷ್ಟ್ ದಿನವಾ? ಎಂತ ಹೇಳುದ್... ಮೆಕ್ಯಾನಿಕ್ ದಿನಾ ಬಂದ್ ಕಾಣ್ತಾ ಇದ್ದ.”