ಒಂದು ಉಸಿರಿಗೆ ಎಷ್ಟು ಮಾತು

ಆ್ಯಂಬುಲೆನ್ಸ್ ಡ್ರೈವರಿಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ರೇಡಿಯೋ. ಬಾಯಿಗೆ ಬೀಗವೇ ಇಲ್ಲದ ಮನುಷ್ಯ. ಸಿಗ್ನಲ್‌ನಲ್ಲಿ ನಿಂತರೆ ಪಕ್ಕದ ಗಾಡಿಯವನ ಜೊತೆ ಮಾತು. ಗಾಡಿ ಓಡುತ್ತಿದ್ದರೆ ಸೀಟಿನ ಹಿಂದಿನ ಕಿಂಡಿಯಿಂದ ನರ್ಸಿನ ಜೊತೆ ಮಾತು. ಯಾರೂ ಸಿಗದಿದ್ದರೆ ಸ್ಟೀರಿಂಗ್ ಜೊತೆಗಾದರೂ ಮಾತಾಡಲೇಬೇಕು.

ಅಂಥವನು ಅವತ್ತು ಸಂಜೆ ಒಂದೇ ಒಂದು ವಾಕ್ಯಕ್ಕೆ ತಡವರಿಸಿದ್ದ. ಗಾಡಿ ತೊಳೆಯುತ್ತಿದ್ದ ಪೈಪು ಕೈಯಲ್ಲೇ ಇತ್ತು. ನೀರು ಅವನ ಶೂ ಒಳಗೇ ಇಳಿಯುತ್ತಿತ್ತು. ಅದರ ಕಡೆ ಅವನಿಗೆ ಗಮನವೇ ಇರಲಿಲ್ಲ.

"ಸಿಸ್ಟರ್, ನನ್ನ ಮದುವೆ ಆಗ್ತೀರಾ?"

"ಮೊದ್ಲು ಸಿಸ್ಟರ್ ಅನ್ನೋದು ಬಿಡಿ, ಆಮೇಲೆ ಕೇಳಿ," ಎಂದು ಅವಳು ನಕ್ಕಳು. ಆದರೆ ಆ ನಗು ಅರ್ಧಕ್ಕೇ ನಿಂತಿತು. ಅದೇ ಗಾಡಿಯಲ್ಲಿ ಅವನ ಬೆನ್ನ ಹಿಂದೆ ಕೂತು ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಅವಳು. ರಸ್ತೆ ಯಾರನ್ನು ಏನು ಮಾಡುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನೀವು ನಂಗಿಷ್ಟ. ಅದನ್ನ ಮುಚ್ಚಿಡಲ್ಲ," ಎಂದಳು. "ಆದ್ರೆ ದಿನಾ ರಸ್ತೇಲಿ ಬಿದ್ದೋರನ್ನ ಎತ್ತೋ ಕೆಲ್ಸ ನಂದು. ದಿನವಿಡೀ ರಸ್ತೇಲೇ ಇರೋರನ್ನ ಕಟ್ಕೊಂಡು, ಫೋನ್ ಬಂದಾಗೆಲ್ಲ ಜೀವ ಕೈಯಲ್ಲಿ ಹಿಡ್ಕೊಂಡು ಕೂರೋಕೆ ನನ್ನಿಂದಾಗುತ್ತಾ? ಗೊತ್ತಿಲ್ಲ. ನಾಳೆ ಹೇಳ್ತೀನಿ."

"ನಂಗೇನಾಗುತ್ತೆ? ಗುಂಡುಕಲ್ಲು ಇದ್ದಂಗಿದ್ದೀನಿ," ಎಂದ ಅವನು, ಶೂ ಬಿಚ್ಚಿ ನೀರು ಚೆಲ್ಲುತ್ತಾ.

ಆ ನಾಳೆ ಬಂದೇ ಬಂತು. ಲಿಫ್ಟ್ ಇಲ್ಲದ ಹಳೆಯ ಕಟ್ಟಡವೊಂದರ ಮೇಲಿನ ಮನೆಯಲ್ಲಿ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜನನ್ನು ಇಳಿಸಬೇಕಿತ್ತು. ಸ್ಟ್ರೆಚರಿನ ಕೆಳತುದಿಯನ್ನು ರೇಡಿಯೋ ಹಿಡಿದ. ತಲೆಯ ಕಡೆ ಅವಳೂ ಅಜ್ಜನ ಅಳಿಯನೂ ಇದ್ದರು. ಮೆಟ್ಟಿಲು ತಿರುಗುವಲ್ಲಿ ಒಂದು ಕ್ಷಣ ನಿಂತರೋ ಇಲ್ಲವೋ, ಅವನು ಕತ್ತೆತ್ತಿ ಅವಳನ್ನೇ ನೋಡಿದ. ಹುಬ್ಬು ಮೇಲೆ ಹೋಯಿತು.

"ಇವತ್ತು ಹೇಳ್ತೀನಿ ಅಂದಿದ್ರಿ."

ಇರುಳಿಡೀ ನಿದ್ದೆಯಿಲ್ಲದೆ ಹೊರಳಾಡಿದ್ದ ಅವಳಿಗೆ ರೇಗಿಹೋಯಿತು. "ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ? ಕೆಲ್ಸದ ಹೊತ್ತು ಇದು."

ಮುಂದಿನ ಮೆಟ್ಟಿಲಿಗೇ ಅವನ ಕಾಲು ಜಾರಿತು. ಸ್ಟ್ರೆಚರು ಅವನ ಮೇಲೆ ನುಗ್ಗಿತು. ಅವನು ಕೈ ಬಿಡಲಿಲ್ಲ. ಬೆನ್ನನ್ನು ಗೋಡೆಗೆ ಕೊಟ್ಟು, ಎದೆಯಲ್ಲೇ ಅದನ್ನು ತಡೆದ. ಹಿಡಿಕೆಯ ಕಬ್ಬಿಣ ಎಡ ಪಕ್ಕೆಗೆ ಬಡಿದ ಸದ್ದು ಅವಳಿಗೂ ಕೇಳಿಸಿತು. ಅಜ್ಜನಿಗೆ ಮಾತ್ರ ಕೂದಲೂ ಕೊಂಕಲಿಲ್ಲ.

"ಪೆಟ್ಟಾಯ್ತಾ?"

"ಏನಿಲ್ಲ. ನಡೀರಿ."

ಗಾಡಿ ಹೊರಟಿತು. ಕಿಂಡಿಯಿಂದ ಒಂದು ಮಾತೂ ಬರಲಿಲ್ಲ.

ಅವಳು ಅಜ್ಜನ ಬಿಪಿ ನೋಡಿದಳು. ಮತ್ತೆ ನೋಡಿದಳು. ಮಡಚಿಟ್ಟ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಚಿದಳು. ಒಂದು ಸಲ ಗದರಿದ್ದಕ್ಕೇ ಇಷ್ಟು ಬಿಗುಮಾನವೇ? ಮದುವೆಗೆ ಮುಂಚೆಯೇ ಹೀಗಾದರೆ ಆಮೇಲೆ ಹೇಗೋ! ಕಿಂಡಿಯಲ್ಲಿ ಅವನ ಕತ್ತಿನ ಹಿಂಭಾಗ ಕಾಣುತ್ತಿತ್ತು. ಬೆವರಿನಿಂದ ಕಾಲರ್ ಒದ್ದೆಯಾಗಿತ್ತು. ಸೆಕೆ ಇರಬೇಕು ಎಂದುಕೊಂಡು ಅವಳು ಮುಖ ತಿರುಗಿಸಿದಳು.

"ಏನಮ್ಮಾ, ಈ ಡ್ರೈವರ್ರು ಮನೆಗೆ ಬಂದಾಗ ನಮ್ಮ ಬೆಕ್ಕನ್ನೂ ಬಿಡದೆ ಮಾತಾಡಿಸ್ದ, ಈಗ್ಯಾಕೆ ಮೌನವ್ರತ?" ಎಂದು ಅಜ್ಜ ಕೇಳಿದರು.

"ನನ್ಮೇಲೆ ಸಿಟ್ಟು, ಅಜ್ಜ."

"ಸಿಟ್ಟು ಬಂದೋರು ಹಾರ್ನ್ ಹೊಡೀತಾರಮ್ಮಾ. ಇವ್ನು ಅದನ್ನೂ ಹೊಡೀತಿಲ್ಲ."

ಅಜ್ಜನ ಮಾತನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಸ್ಪತ್ರೆ ತಲುಪಿದರೆ, ಮೊದಲು ಜಿಗಿದಿಳಿದು ಹಿಂಬಾಗಿಲು ತೆಗೆಯುವವನು ಸೀಟಿನಲ್ಲೇ ಕೂತಿದ್ದ. ಅಜ್ಜನನ್ನು ಒಳಗಿನವರಿಗೆ ಒಪ್ಪಿಸಿದ್ದೇ ತಡ, ಅವಳು ದಾಪುಗಾಲು ಹಾಕಿ ಬಂದು ಡ್ರೈವರ್ ಬದಿಯ ಬಾಗಿಲು ಎಳೆದಳು.

"ಏನ್ರೀ ನಿಮ್ ಕತೆ? ಒಂದ್ ಮಾತಂದಿದ್ದಕ್ಕೆ ಮುಖ ಊದಿಸ್ಕೊಂಡು ಕೂರೋದಾ?"

"ಇಲ್ಲ."

"ಮತ್ತೇನು?"

"ಸ್ವಲ್ಪ..." ಉಸಿರೆಳೆದ. "ಸುಸ್ತು."

ಹೊಸದಾಗಿ ಸೇರಿದ ನರ್ಸ್‌ಗಳಿಗೆ ಎದೆಯ ಪೆಟ್ಟಿನ ಪಾಠ ಹೇಳುವವಳು ಅವಳೇ. ರಕ್ತ ಕಾಣದಿದ್ದರೆ ಪೆಟ್ಟೇ ಇಲ್ಲ ಅಂದುಕೊಳ್ಳಬೇಡಿ, ಮೊದಲು ಮಾತಾಡಿಸಿ, ಒಂದು ಉಸಿರಿಗೆ ಎಷ್ಟು ಮಾತು ಬರುತ್ತೆ ನೋಡಿ ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಒಂದೊಂದು ಪದಕ್ಕೂ ಉಸಿರು ಎಳೆಯುವವನನ್ನು ಇಟ್ಟುಕೊಂಡು ಕಾಲ ಕಳೆಯಬೇಡಿ ಎನ್ನುತ್ತಿದ್ದಳು.

ಆಗ ಅವಳು ನಿಜವಾಗಿ ಅವನನ್ನು ನೋಡಿದಳು. ತುಟಿಯ ಬಣ್ಣ ಇಳಿದಿತ್ತು. ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು. ಎದೆಯ ಬಲಗಡೆ ಬೇಗಬೇಗ ಏಳುತ್ತಿತ್ತು, ಎಡಗಡೆ ಸುಮ್ಮನಿತ್ತು.

ಅವಳ ಕೈ ಅವನ ಅಂಗಿಯ ಗುಂಡಿಗೆ ಹೋಯಿತು.

"ಎಲ್ಲರ... ಎದುರಿಗೇ... ಸಿಸ್ಟರ್?" ಎಂದ. ಆ ಸ್ಥಿತಿಯಲ್ಲೂ ಕಣ್ಣಿನ ಮೂಲೆಯಲ್ಲಿ ತುಂಟತನ.

"ಬಾಯಿ ಮುಚ್ಚಿ," ಎನ್ನಹೋಗಿ ನಾಲಿಗೆ ಕಚ್ಚಿಕೊಂಡಳು. "ಮಾತಾಡ್ತಾ ಇರಿ. ದಮ್ಮಯ್ಯ, ಮಾತಾಡ್ತಾನೇ ಇರಿ."

ಸ್ಟೆತಸ್ಕೋಪಿನಲ್ಲಿ ಬಲಗಡೆ ಉಸಿರು ನುಗ್ಗುವ ಸದ್ದು. ಎಡಗಡೆ ಏನೂ ಇಲ್ಲ. ಬೆರಳಿನಿಂದ ತಟ್ಟಿದರೆ ಖಾಲಿ ಡಬ್ಬದ ಸದ್ದು. ಮುರಿದ ಪಕ್ಕೆಲುಬು ಶ್ವಾಸಕೋಶಕ್ಕೆ ಚುಚ್ಚಿತ್ತು. ಅಲ್ಲಿಂದ ಸೋರಿದ ಗಾಳಿ ಹೊರಬರಲು ದಾರಿಯಿಲ್ಲದೆ ಎದೆಯೊಳಗೇ ತುಂಬಿಕೊಂಡು ಈಗ ಹೃದಯವನ್ನೂ ಒತ್ತುತ್ತಿತ್ತು. ಅವಳು ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದಳು. ಓಡಿ ಬಂದವರು ಅವನನ್ನು ಎತ್ತಿ ಒಳಗೆ ಒಯ್ದರು.

ಎಮರ್ಜೆನ್ಸಿಯ ಡಾಕ್ಟರಮ್ಮ ನೋಡಿದವರೇ, "ಎಕ್ಸ್‌ರೇಗೆ ಕಾದ್ರೆ ಇವ್ನು ಉಳಿಯಲ್ಲ. ಮೊದ್ಲು ಎದೆಯ ಗಾಳಿ ಬಿಡಿಸ್ಬೇಕು, ಸೂಜಿ ಕೊಡು," ಎಂದು ಕೈ ಚಾಚಿದರು. ಅವಳು ಪ್ಯಾಕೆಟ್ ಹರಿಯಹೋದಳು. ಎಷ್ಟೋ ಜನರಿಗಾಗಿ ಕಣ್ಣು ಮುಚ್ಚಿ ಹರಿದ ಪ್ಯಾಕೆಟ್ ಅದು. ಇಂದು ಅದು ಕೈಜಾರಿ ಕೆಳಗೆ ಬಿತ್ತು.

ಡಾಕ್ಟರಮ್ಮ ಇನ್ನೊಂದನ್ನು ತಾವೇ ಎತ್ತಿಕೊಂಡರು. "ನೀನು ಹೊರಗೆ ಹೋಗು."

"ನಾನು ಡ್ಯೂಟೀಲಿದ್ದೀನಿ, ಡಾಕ್ಟ್ರೇ!"

"ಇವತ್ತು ನೀನು ಪೇಷಂಟ್ ಕಡೆಯವಳು. ಕಡೆಯವರು ಹೊರಗಿರ್ಬೇಕು."

ಅದು ಅವಳದೇ ಮಾತು. ದಿನವೂ ಅದೆಷ್ಟೋ ಹೆಂಡತಿಯರಿಗೆ, ತಾಯಂದಿರಿಗೆ ಹೇಳಿ ಬಾಗಿಲು ಹಾಕಿದವಳು ಅವಳು. ಈಗ ಆ ಬಾಗಿಲು ಅವಳ ಮುಖದೆದುರೇ ಮುಚ್ಚಿತು.

ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಎದ್ದಳು. ಮತ್ತೆ ಕೂತಳು. ಎಕ್ಸ್‌ರೇ ಕೋಣೆಯ ಮುಂದೆ ಸರದಿಗೆ ಕಾಯುತ್ತಿದ್ದ ಅಜ್ಜ ಸ್ಟ್ರೆಚರಿನಿಂದಲೇ ಕತ್ತು ಹೊರಳಿಸಿದರು.

"ಮೌನವ್ರತದವ್ನಾ ಒಳಗಿರೋದು?"

ಅವಳು ತಲೆಯಾಡಿಸಿದಳು.

"ನಿನಗೇನಾಗ್ಬೇಕಮ್ಮಾ ಅವ್ನು?"

"ಆಗ್ಬೇಕು ಅಜ್ಜ. ಇನ್ನೂ ಆಗಿಲ್ಲ," ಎಂದಳು.

ಹೂಂ ಅಂದರೆ ಒಂದು ದಿನ ಹೀಗೆ ಕಾಯಬೇಕಾಗುತ್ತದೆ ಎಂದು ಹೆದರಿದ್ದಳು. ಹೂಂ ಅನ್ನದೆಯೂ ಇಲ್ಲಿ ಕೂತಿದ್ದಾಳೆ, ಉಸಿರು ಬಿಗಿಹಿಡಿದು. ಬೇಡ ಎಂದು ಹೇಳಿ ದೂರದ ಊರಿಗೆ ಹೋಗಿದ್ದರೂ ಸುದ್ದಿ ಬಂದ ದಿನ ಅವಳ ಎದೆ ಹೀಗೇ ಒಡೆಯುತ್ತಿತ್ತು. ಈ ಮನುಷ್ಯನನ್ನು ಅವಳು ಅಷ್ಟು ಪ್ರೀತಿಸುತ್ತಿದ್ದಳು. ಇದು ತಿಳಿಯಲು ಇಷ್ಟು ಹೊತ್ತು ಬೇಕಾಯಿತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ಒಳಗಿನಿಂದ ಯಾವ ಸದ್ದೂ ಇಲ್ಲ. ಆಮೇಲೆ ಯಾರದೋ ಹೆಜ್ಜೆ, ಪಾತ್ರೆಯ ಸಪ್ಪಳ. ಆಮೇಲೆ ಅವನ ದನಿ, ಸಣ್ಣಗೆ, ಆದರೆ ಎಲ್ಲೂ ತುಂಡಾಗದೆ ಬಂತು:

"ಡಾಕ್ಟ್ರೇ, ಅಜ್ಜನ ಚಪ್ಪಲಿ ಗಾಡೀಲೇ ಉಳ್ಕೊಂಡಿದೆ, ಯಾರಿಗಾದ್ರೂ ಹೇಳಿ."

ಪೂರ್ತಿ ವಾಕ್ಯ, ಒಂದೇ ಉಸಿರಿಗೆ! ಅವಳು ಮುಖ ಮುಚ್ಚಿಕೊಂಡು ಗಳಗಳ ಅತ್ತುಬಿಟ್ಟಳು.

ಮರುದಿನ ಮಧ್ಯಾಹ್ನ ಡ್ಯೂಟಿ ನಡುವೆ ವಾರ್ಡಿಗೆ ಬಂದಾಗ ಅವನು ದಿಂಬಿಗೊರಗಿ ಕೂತಿದ್ದ. ಉಳಿದ ಗಾಳಿ ಹೊರಹೋಗಲೆಂದು ಪಕ್ಕೆಗೆ ಹಾಕಿದ ಕೊಳವೆ ಮಂಚದ ಕೆಳಗಿನ ನೀರಿನ ಬಾಟಲಿಗೆ ಇಳಿದಿತ್ತು. ಕೆಮ್ಮಿದರೆ ನೀರಲ್ಲಿ ಗುಳ್ಳೆ ಏಳುತ್ತಿತ್ತು.

"ಗುಂಡುಕಲ್ಲಂತೆ, ಗುಂಡುಕಲ್ಲು," ಎಂದಳು.

"ನಗಿಸ್ಬೇಡಿ, ನೋಯುತ್ತೆ."

"ಯಾಕ್ರೀ ಮುಚ್ಚಿಟ್ರಿ? ದಾರೀಲಿ ಕಣ್ಣು ಕತ್ತಲೆ ಬಂದಿದ್ರೆ? ಆ ಅಜ್ಜನ ಗತಿ ಏನಾಗ್ತಿತ್ತು?"

ಅವನು ಹೊದಿಕೆಯ ಅಂಚು ಸುರುಳಿ ಸುತ್ತಿದ. "ಅದು ತಪ್ಪೇ. ಮೊದ್ಲು ಬರೀ ನೋವಿತ್ತು, ಆಸ್ಪತ್ರೆ ಹತ್ರ ಬಂದ್ಮೇಲೇ ಉಸಿರು ಕಟ್ಟಿದ್ದು. ಪೆಟ್ಟಾಯ್ತು ಅಂದಿದ್ರೆ ನೀವೇನಂತಿದ್ರಿ? 'ನೋಡಿ, ಇದಕ್ಕೇ ಬೇಡ ಅನ್ನೋದು' ಅಂತಿದ್ರಿ. ಉತ್ತರ ಬರೋ ದಿನಾನೇ ಪೆಟ್ಟು ತಿನ್ಬೇಕಿತ್ತಾ ನಾನು?"

ಅವಳಿಗೆ ಬೈಯಬೇಕೆನಿಸಿತು, ಕೆನ್ನೆ ಸವರಬೇಕೆನಿಸಿತು. ಎರಡೂ ಮಾಡದೆ ಸ್ಟೂಲ್ ಎಳೆದುಕೊಂಡಳು.

"ಇನ್ಮೇಲೆ ಮುಳ್ಳು ಚುಚ್ಚಿದ್ರೂ ನಂಗೆ ಹೇಳ್ಬೇಕು."

"ಇನ್ಮೇಲೆ ಅಂದ್ರೆ?"

"ಮೊದ್ಲು ಪರೀಕ್ಷೆ. ಮೊನ್ನೆ ಕೇಳಿದ್ದನ್ನ ಒಂದೇ ಉಸಿರಲ್ಲಿ ಕೇಳಿ. ಮಧ್ಯೆ ನಿಲ್ಲಿಸಿದ್ರೆ ಫೇಲ್."

ಅವನು ಎದೆ ತುಂಬ ಉಸಿರೆಳೆದ. "ಸಿಸ್ಟರ್, ನನ್ನ..."

"ಮತ್ತೆ ಸಿಸ್ಟರ್!"

ನಗು ಬಂತು, ನೋವು ಬಂತು, ಬಾಟಲಿಯಲ್ಲಿ ಗುಳ್ಳೆ ಬಂತು. ಪಕ್ಕೆ ಹಿಡಿದುಕೊಂಡು ಮತ್ತೆ ಶುರು ಮಾಡಿದ. "ಏನ್ರೀ, ನನ್ನ ಮದುವೆ..." ಅಷ್ಟಕ್ಕೇ ಕೆಮ್ಮು.

ಬಾಗಿಲಲ್ಲಿ ವಾರ್ಡಿನ ಹಿರಿಯ ನರ್ಸ್ ಕಾಣಿಸಿಕೊಂಡರು. "ಈ ಪೇಷಂಟ್ ಕಡೆಯವರು ಯಾರಿದ್ದೀರಿ?"

ಅವಳು ಸ್ಟೂಲಿನಿಂದ ಎದ್ದು ನಿಂತಳು. "ನಾನು. ಇವ್ರನ್ನ ಮದುವೆ ಆಗೋಳು."

ಹಿರಿಯ ನರ್ಸ್ ಇಬ್ಬರನ್ನೂ ನೋಡಿ, ಬಂದ ಕೆಲಸ ಮರೆತವರಂತೆ ಹೊರಟುಹೋದರು.

ರೇಡಿಯೋ ಬಾಯಿ ತೆರೆದ. ಮಾತೇ ಹೊರಡಲಿಲ್ಲ. ಅವಳು ಸ್ವಲ್ಪ ಕಾದಳು. ಆಮೇಲೆ ಗಡಿಬಿಡಿಯಲ್ಲಿ ಸ್ಟೆತಸ್ಕೋಪನ್ನು ಕಿವಿಗೆ ಸಿಕ್ಕಿಸಿ ಅವನ ಎದೆಗೆ ಒತ್ತಿದಳು. ಬಲಗಡೆ ಕೇಳಿದಳು. ಎಡಗಡೆಯೂ ಕೇಳಿದಳು. ಎರಡೂ ಕಡೆ ಗಾಳಿ ಸರಾಗವಾಗಿ ಓಡಾಡುತ್ತಿತ್ತು. ಎದೆಬಡಿತ ಮಾತ್ರ ಜೋರಾಗಿತ್ತು. ಅದಕ್ಕೆ ಮದ್ದು ಬೇಡವೆಂದು ಅವಳು ಬಿಟ್ಟುಬಿಟ್ಟಳು.