ಸಂಘಮಿತ್ರಳ ಗೋಡೆ

"ಆ ಬ್ರಷ್ ಕೆಳಗಿಡಿ."

ಕಾಂಪೌಂಡ್ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಮುನೀಂದ್ರ ಬೆಚ್ಚಿ ತಿರುಗಿದ. ಹಿಂದೆ ನಿಂತಿದ್ದವಳ ಕಣ್ಣು ಕೆಂಪಾಗಿತ್ತು. ಅವನು ಬಿಳಿ ಬಣ್ಣ ಹಚ್ಚಲು ಹೊರಟಿದ್ದ ಜಾಗಕ್ಕೆ ಅವಳು ಬಂದು ಅಡ್ಡ ನಿಂತಳು. ಅವಳ ಬೆನ್ನ ಹಿಂದೆ ಗೋಡೆಯ ಮೇಲೆ ಮೊಳದಗಲದ ಒಂದು ಕಪ್ಪು ಮಚ್ಚೆ.

"ಹೊಗೆ ಹಿಡಿದ ಕರೆ ಅಂದ್ಕೊಂಡೆ ಮೇಡಂ."

"ಕರೆ ಅಲ್ಲ. ನಾನು ಬರೆದಿದ್ದು."

ಅವನು ಮಚ್ಚೆಯನ್ನೂ ಅವಳನ್ನೂ ನೋಡಿದ. ನಗಲಿಲ್ಲ. ಬ್ರಷ್ಷನ್ನು ಡಬ್ಬದ ಮೇಲೆ ಅಡ್ಡಲಾಗಿ ಇಟ್ಟ.

ಸೋಂಪುರ ದಾಟಿ ಎರಡು ಮೈಲಿ ಹೋದರೆ ಸಿಗುವ ವ್ಯಸನಮುಕ್ತಿ ಕೇಂದ್ರ ಅದು. ಮುನೀಂದ್ರ ನೆಲಮಂಗಲದಲ್ಲಿ ಲಾರಿಗಳಿಗೆ ಬಣ್ಣ ಬಳಿಯುವವನು. ಆ ಭಾನುವಾರ ಕೇಂದ್ರದ ಗೋಡೆಗೆ ಬಣ್ಣ ಹಚ್ಚಿಕೊಡಲು ತಾನಾಗಿಯೇ ಬಂದಿದ್ದ.

ಅಷ್ಟರಲ್ಲಿ ಅಂಗಳ ಗುಡಿಸುತ್ತಿದ್ದ ಅಂಜಿನಮ್ಮ ತಲೆ ಸುತ್ತಿ ಕುಸಿದರು. ಮೂವತ್ತು ವರ್ಷದ ಕುಡಿತ ಬಿಡಲು ಬಂದಿದ್ದ ಮುದುಕಿ. ಗೋಡೆಗೆ ಅಡ್ಡ ನಿಂತಿದ್ದವಳು ಓಡಿದಳು. ನಾಡಿ ಹಿಡಿದು ನೋಡಿದಳು, ಕಾಲು ಎತ್ತರಿಸಿ ಮಲಗಿಸಿದಳು, ಸುತ್ತ ಮುತ್ತಿಕೊಂಡವರನ್ನು ಗದರಿಸಿ ಗಾಳಿಯಾಡಲು ಜಾಗ ಬಿಡಿಸಿದಳು. ಅಂಜಿನಮ್ಮ ಕಣ್ಣು ಬಿಟ್ಟು ಮಾತಾಡಿದ ಮೇಲೆ ಸಕ್ಕರೆ ನೀರು ಕುಡಿಸಿದಳು.

"ನೀವಿಲ್ಲಿ ನರ್ಸಾ?" ಮುನೀಂದ್ರ ಕೇಳಿದ. ಅವನ ದನಿಯಲ್ಲಿ ಗೌರವವಿತ್ತು.

ಅಲ್ಲ ಎನ್ನಬೇಕಿತ್ತು...

"ಹೂಂ," ಎಂದುಬಿಟ್ಟಳು ಸಂಘಮಿತ್ರ.

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಆರು ವರ್ಷ ಅವಳು ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ತುಮಕೂರು ರಸ್ತೆಯಲ್ಲಿ ಸ್ಕೂಟಿಯಿಂದ ಬಿದ್ದು ಬೆನ್ನಿಗೆ ಪೆಟ್ಟಾದಾಗ ಡಾಕ್ಟರು ನೋವಿನ ಇಂಜೆಕ್ಷನ್ ಬರೆದಿದ್ದರು. ನೋವು ಎರಡು ತಿಂಗಳಲ್ಲಿ ಹೋಯಿತು, ಇಂಜೆಕ್ಷನ್ ಹೋಗಲಿಲ್ಲ. ರೋಗಿಗಳಿಗೆಂದು ಇಟ್ಟದ್ದನ್ನು ಕದ್ದು ತಾನೇ ಚುಚ್ಚಿಕೊಳ್ಳತೊಡಗಿದಳು. ಒಂದು ದಿನ ಹಿರಿಯ ನರ್ಸ್ ಕೈಗೆ ಸಿಕ್ಕಿಬಿದ್ದಳು. ಕೆಲಸ ಹೋಯಿತು.

ಈ ಕೇಂದ್ರಕ್ಕೆ ಬಂದು ಮೂರು ವಾರವಾಗಿತ್ತು. ಇಲ್ಲಿ ಚಿತ್ರ ಬರೆಸುವವರು ಅಕ್ಷತ ಮೇಡಂ. ಚಂದ ಕಾಣಬೇಕು ಅಂತ ಬರೀಬೇಡಿ, ಆಸೆ ಮೈಮೇಲೆ ಬಂದಾಗ ಒಳಗೆ ಹೇಗಿರುತ್ತೋ ಹಾಗೇ ಬರೀರಿ ಎನ್ನುತ್ತಿದ್ದರು. ಎರಡು ವಾರ ಸಂಘಮಿತ್ರ ಬ್ರಷ್ ಮುಟ್ಟಲಿಲ್ಲ. ಮೂರನೆಯ ವಾರ, ಮೈಯೆಲ್ಲ ಇಂಜೆಕ್ಷನ್ನಿಗೆ ಹಂಬಲಿಸಿ ಉರಿಯುತ್ತಿದ್ದ ಒಂದು ಮಧ್ಯಾಹ್ನ, ಕಾಗದ ಸಾಲದೆ ಗೋಡೆಗೇ ಹೋಗಿ ಕಪ್ಪು ಬಳಿದಳು. ತೋಳು ಸೋಲುವವರೆಗೂ ಬಳಿದಳು. ನಿಲ್ಲಿಸಿದಾಗ ಆ ಹಂಬಲ ಇಳಿದಿತ್ತು! ತನ್ನ ಕೈಯಿಂದಲೇ ಅದನ್ನು ಇಳಿಸಬಹುದು ಎಂದು ಅವಳಿಗೆ ಅವತ್ತೇ ಗೊತ್ತಾದದ್ದು. ಆ ಮಚ್ಚೆಯ ಮೇಲೆ ಬಿಳಿ ಬಳಿಯಲು ಹೇಗೆ ಬಿಟ್ಟಾಳು?

ಅಕ್ಷತ ಮೇಡಂ ಹೊಸ ಯೋಚನೆ ಮಾಡಿದರು. ಗೋಡೆಗೆ ಬಿಳಿ ಬೇಡ, ಇಲ್ಲಿರುವವರೇ ಅದರ ಮೇಲೆ ಬರೆಯಲಿ, ಕುಂಚ ಹಿಡಿಯುವುದನ್ನು ಮುನೀಂದ್ರ ಹೇಳಿಕೊಡಲಿ ಎಂದರು. ಅವನು ಪ್ರತಿ ಭಾನುವಾರ ಬರತೊಡಗಿದ. ಸಂಘಮಿತ್ರ ರೋಗಿಗಳ ಜೊತೆ ಕೂತು ಬರೆಯುವ ನರ್ಸ್ ಎಂದೇ ನಂಬಿದ್ದ.

ಉದ್ದ ಗೆರೆ ಎಳೆಯುವಾಗ ಬೆರಳಲ್ಲ, ಭುಜ ಆಡಬೇಕು ಎಂದು ಅವನು ತೋರಿಸಿಕೊಟ್ಟ. ಸಂಘಮಿತ್ರ ಎಳೆದದ್ದು ಸೊಟ್ಟಗಾಯಿತು. ಗೆರೆ ಸೊಟ್ಟಗಾದರೆ ಅದನ್ನೇ ಬಳ್ಳಿ ಮಾಡಿ ಎಂದ. ಅವಳಿಗೆ ಎಷ್ಟೋ ತಿಂಗಳ ಮೇಲೆ ನಗು ಬಂತು.

ಒಮ್ಮೆ ಬಣ್ಣ ಕಲಸುತ್ತಾ ಅವನು ಅಣ್ಣನ ಕಥೆ ಹೇಳಿದ. ಅಣ್ಣ ಚಲಪತಿ ಕುಡಿದೇ ಸತ್ತಿದ್ದ. ಕೊನೆಯ ದಿನದವರೆಗೂ ಬಿಟ್ಟಿದ್ದೀನಿ ಎಂದೇ ಹೇಳುತ್ತಿದ್ದ.

"ನಿಮ್ಮಂಥವರು ಒಬ್ಬರು ನಮ್ಮಣ್ಣನಿಗೆ ಸಿಕ್ಕಿದ್ದಿದ್ರೆ ಬದುಕ್ತಿದ್ದ," ಎಂದ ಮುನೀಂದ್ರ.

'ನಾನೂ ನಿಮ್ಮಣ್ಣನ ಹಾಗೇ...' ಎನ್ನುವ ಬದಲು ಸಂಘಮಿತ್ರ ತನ್ನ ಬ್ರಷ್ ತೊಳೆಯತೊಡಗಿದಳು. ಮುಂದಿನ ಭಾನುವಾರ ಏನಾದರಾಗಲಿ, ಹೇಳಿಯೇ ತೀರಬೇಕು ಎಂದುಕೊಂಡಳು.

ಅವಳಿಗಿಂತ ಮೊದಲು ಅವಳ ತಾಯಿ ಹೇಳಿಬಿಟ್ಟರು. ಆ ಭಾನುವಾರ ಮಗಳನ್ನು ನೋಡಲು ಬಂದಿದ್ದ ಅಕ್ಕಯಮ್ಮ, ಗೋಡೆಯ ಹತ್ತಿರ ನಿಂತಿದ್ದ ಮುನೀಂದ್ರನನ್ನೇ ಡಾಕ್ಟರೆಂದು ತಿಳಿದು ಕೈಮುಗಿದರು.

"ನನ್ನ ಮಗಳು ಸಂಘಮಿತ್ರಳ ಇಂಜೆಕ್ಷನ್ ಚಟ ಪೂರ್ತಿ ಬಿಡ್ತಾ ಸ್ವಾಮಿ? ಮನೆಗೆ ಯಾವಾಗ ಕಳಿಸ್ತೀರಾ?"

ಮುನೀಂದ್ರ ಸಂಘಮಿತ್ರಳ ಕಡೆ ತಿರುಗಿದ. ಅವನ ಮುಖದ ಬಣ್ಣ ಇಳಿಯುವುದನ್ನು ಅವಳು ನಿಂತು ನೋಡಿದಳು. ಕೈ ಒರೆಸಿಕೊಂಡು ಗೇಟಿನಾಚೆ ನಡೆದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

'ಚಟದವಳು ಅಂತ ಗೊತ್ತಾಯ್ತಲ್ಲ, ಅಸಹ್ಯವಾಗಿರಬೇಕು.' ಆ ಯೋಚನೆ ಬಂದ ಕೂಡಲೇ ಹಳೆಯ ಹಸಿವು ಎದ್ದಿತು. ಒಂದೇ ಒಂದು ಇಂಜೆಕ್ಷನ್... ಯಾವ ನೋವೂ ಇರುವುದಿಲ್ಲ. ಎಲ್ಲಿ ಸಿಗುತ್ತದೆಂದು ಅವಳಿಗೆ ಗೊತ್ತಿತ್ತು. ಗೇಟಿಗೆ ಬೀಗವೂ ಇರಲಿಲ್ಲ.

ಅವಳು ಗೇಟಿನವರೆಗೆ ಹೋದಳು. ಹತ್ತು ನಿಮಿಷ ಕಂಬಿ ಹಿಡಿದು ನಿಂತಳು. ಆಮೇಲೆ ವಾಪಸ್ ಬಂದು ಕೆಂಪು ಬಣ್ಣದ ಡಬ್ಬ ತೆಗೆದು, ತಾನು ಈಗಷ್ಟೇ ಹಿಡಿದುಕೊಂಡಿದ್ದ ಗೇಟನ್ನೇ ಗೋಡೆಯ ಮೇಲೆ ಬರೆದಳು. ಕಂಬಿಗಳು ಸೊಟ್ಟಗಾಗಿದ್ದವು. ಅಳುತ್ತಲೇ ಬರೆದಳು. ಸಂಜೆ ಎಲ್ಲರ ಎದುರು ನಿಂತು, ತಾನು ಕದ್ದದ್ದನ್ನೂ ಸುಳ್ಳು ಹೇಳಿದ್ದನ್ನೂ ಬಾಯಿಬಿಟ್ಟು ಹೇಳಿದಳು. ಅಂಜಿನಮ್ಮ ಎದ್ದು ಬಂದು ತಲೆ ಸವರಿದರು.

'ಅವನು ಬರದಿದ್ದರೂ ನಾನು ವಾಸಿಯಾಗಬೇಕು. ಇದು ಅವನಿಗೋಸ್ಕರ ಶುರು ಮಾಡಿದ್ದಲ್ಲ.'

ನಾಲ್ಕು ತಿಂಗಳಿಗೆ ಕೇಂದ್ರದಿಂದ ಹೊರಬಂದವಳು ಮೊದಲು ಹೋದದ್ದು ಹಳೆಯ ಆಸ್ಪತ್ರೆಗೆ. ಹಿರಿಯ ನರ್ಸ್ ಮುಂದೆ ನಿಂತು ಕ್ಷಮೆ ಕೇಳಿದಳು, ಕೆಲಸ ಕೇಳಲಿಲ್ಲ. ಎರಡು ವರ್ಷ ಔಷಧಿ ಬೀರು ಇರುವ ಕಡೆ ಕೆಲಸ ಮಾಡುವುದಿಲ್ಲ ಎಂದು ತಾನೇ ನಿರ್ಧರಿಸಿದ್ದಳು. ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಭಾನುವಾರ ಕೇಂದ್ರಕ್ಕೆ ಬಂದು, ಹೊಸದಾಗಿ ಸೇರಿದ ಹೆಂಗಸರ ಪಕ್ಕ ಕೂತು ಚಿತ್ರ ಬರೆದಳು. ಬ್ರಷ್ ಎಸೆದವರಿಗೆ ಎತ್ತಿಕೊಟ್ಟಳು. ಹೀಗೆ ವರ್ಷವೇ ಕಳೆಯಿತು.

ಆದರೂ ಒಂದು ಸುಳ್ಳು ಉಳಿದಿತ್ತು. ಅದನ್ನು ಯಾರಿಗೆ ಹೇಳಿದ್ದಳೋ ಅವರ ಎದುರೇ ತಿದ್ದಬೇಕಿತ್ತು.

ಒಂದು ಬೆಳಿಗ್ಗೆ ನೆಲಮಂಗಲಕ್ಕೆ ಬಸ್ ಹತ್ತಿದಳು.

ಹೆದ್ದಾರಿ ಪಕ್ಕದ ಶೆಡ್ಡಿನಲ್ಲಿ ಮುನೀಂದ್ರ ಲಾರಿಯ ಹಿಂಬಾಗಿಲಿಗೆ ಹಳದಿ ಹಚ್ಚುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

ಸಂಘಮಿತ್ರ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿದಳು. ನಾನು ಅಲ್ಲಿ ನರ್ಸ್ ಆಗಿರಲಿಲ್ಲ. ಮೊದಲ ದಿನವೇ ಹೇಳಬೇಕಿತ್ತು. ನೀವು ಕೊಟ್ಟ ಆ ಗೌರವ ಇನ್ನೊಂದು ದಿನ ಇರಲಿ, ಇನ್ನೊಂದು ದಿನ ಇರಲಿ ಎಂದು ಸುಮ್ಮನಿದ್ದುಬಿಟ್ಟೆ, ತಪ್ಪು ನನ್ನದು ಎಂದಳು.

"ಇಷ್ಟೇ ಹೇಳೋಣ ಅಂತ ಬಂದೆ. ನಿಮಗೆ ಅಸಹ್ಯ ಆಗಿದ್ರೆ ಅದು ನಿಮ್ಮಿಷ್ಟ. ಬರ್ತೀನಿ."

"ಅಸಹ್ಯ ಯಾಕ್ರೀ ಆಗುತ್ತೆ?" ಅವನ ದನಿ ಒಡೆಯಿತು. "ಭಯ ಆಯ್ತು. ನಮ್ಮಣ್ಣನೂ ಹಂಗೇ ಮುಚ್ಚಿಡ್ತಿದ್ದ. ಮನಸ್ಸು ಕೊಟ್ಬಿಟ್ಟಿದ್ದೆ ನಾನು... ಇನ್ನೊಬ್ಬರನ್ನ ಹಂಗೆ ಕಳ್ಕೊಳ್ಳೋಕೆ ಆಗಲ್ಲ ಅನ್ನಿಸ್ತು. ಓಡಿಬಂದೆ."

ಮನಸ್ಸು ಕೊಟ್ಟಿದ್ದೆ... ಹೊರಟಿದ್ದ ಅವಳ ಕಾಲು ಅಲ್ಲೇ ನಿಂತಿತು.

ಆಮೇಲೆ ಮೂರು ಸಲ ಕೇಂದ್ರದ ಗೇಟಿನವರೆಗೆ ಬಂದಿದ್ದೆ ಎಂದ ಅವನು. ಮೂರು ಸಲವೂ ಅಕ್ಷತ ಮೇಡಂ ತಡೆದಿದ್ದರು. ಅವಳು ಈಗ ತನಗೋಸ್ಕರ ವಾಸಿಯಾಗಬೇಕು, ನಿಮಗೋಸ್ಕರ ಅಲ್ಲ, ಒಂದು ವರ್ಷ ಬಿಟ್ಟು ಬನ್ನಿ ಎಂದಿದ್ದರಂತೆ. ಅವನೂ ಒಪ್ಪಿದ್ದ.

ಮೇಡಂ ತನಗೆ ಒಂದು ಮಾತೂ ಹೇಳಿರಲಿಲ್ಲ! ಸಂಘಮಿತ್ರಳಿಗೆ ಸಿಟ್ಟು ಬಂತು. ಗೇಟಿನ ಕಂಬಿ ಹಿಡಿದು ನಿಂತಿದ್ದ ಆ ಹತ್ತು ನಿಮಿಷ ನೆನಪಾಯಿತು. ಅಲ್ಲಿಂದ ಅವಳು ಒಬ್ಬಳೇ ವಾಪಸ್ ಬಂದಿದ್ದಳು. ಸಿಟ್ಟು ನಿಧಾನವಾಗಿ ಇಳಿಯಿತು.

"ವರ್ಷ ಮುಗಿದು ತಿಂಗಳ ಮೇಲಾಯ್ತಲ್ಲ?"

"ಧೈರ್ಯ ಬರಲಿಲ್ಲ. ದಿನಾ ನಾಳೆ ಹೋಗ್ತೀನಿ ಅಂದ್ಕೋತಿದ್ದೆ."

"ನನ್ನ ಮೇಲೆ ಆ ಮನಸ್ಸು ಈಗ್ಲೂ ಇದ್ಯಾ?"

ಅವನು ಹೌದೆಂದು ತಲೆಯಾಡಿಸಿದ.

"ಹಂಗಾದ್ರೆ ಕೇಳಿ," ಎಂದಳು. "ನನ್ನ ಬ್ಯಾಗ್ ಹುಡುಕಬಾರದು, ತೋಳು ನೋಡಬಾರದು. ಆಸೆ ಬಂದಾಗ ನಾನೇ ಬಾಯ್ಬಿಟ್ಟು ಹೇಳ್ತೀನಿ. ಕೇಳೋಕೆ ನಿಮಗೆ ಧೈರ್ಯ ಇರ್ಬೇಕು."

"ಇರುತ್ತೆ."

"ಇಂಜೆಕ್ಷನ್ ಬಿಟ್ಟು ಇವತ್ತಿಗೆ ನಾನೂರ ಎಂಬತ್ತೆರಡು ದಿನ. ಬಸ್ಸಲ್ಲಿ ಬರ್ತಾ ತುಂಬಾ ಆಸೆ ಆಯ್ತು. ಈಗ್ಲೂ ಇದೆ."

ಮುನೀಂದ್ರನ ಮುಖದಲ್ಲಿ ಭಯ ಹಾದುಹೋಯಿತು. ಈ ಸಲ ಅವನು ಎಲ್ಲಿಗೂ ಹೋಗಲಿಲ್ಲ.

"ನಾನೇನು ಮಾಡ್ಲಿ?"

"ಏನೂ ಬೇಡ. ಸುಮ್ನೆ ಜೊತೆಗೆ ಕೂತ್ಕೊಳ್ಳಿ."

ಅವನು ಬೆಂಚಿನ ಮೇಲಿದ್ದ ಡಬ್ಬಗಳನ್ನು ಸರಿಸಿ ಜಾಗ ಮಾಡಿದ. ಇಬ್ಬರೂ ಕೂತರು. ಹೆದ್ದಾರಿಯಲ್ಲಿ ಲಾರಿಗಳು ಸಾಲುಸಾಲಾಗಿ ಹೋಗುತ್ತಿದ್ದವು. ಹಳದಿ ಮೆತ್ತಿದ ಅವನ ಕೈಯನ್ನು ಅವಳು ಹಿಡಿದುಕೊಂಡಳು.

"ಎಷ್ಟೊತ್ತು ಹಿಂಗೆ?" ಮೆಲ್ಲಗೆ ಕೇಳಿದ.

"ಹೋಗೋವರೆಗೂ."

"ಅದು ಹೋಗೋವರೆಗಾ, ನೀವು ಹೋಗೋವರೆಗಾ?"

"ಅದು ಹೋಗುತ್ತೆ," ಎಂದಳು ಸಂಘಮಿತ್ರ. "ನಾನು ಹೋಗಲ್ಲ."